ಹೆಬ್ಬೆರಳು ನೋಡುವ ಹುಡುಗಿ

ಕೇಳುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ಮಗಳು ಕ್ರೀಡಾ ಮನೋವಿಜ್ಞಾನ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅದರಲ್ಲಿ ಹೊಟ್ಟೆಪಾಡು ನಡೆದೀತೇ?" ನಡೆಯುತ್ತದೆ, ಆದರೆ ತಡವಾಗಿ.

ಮೈಕ್ ಹಿಡಿದು "ನೀನು ಗೆದ್ದೇ ಗೆಲ್ಲುತ್ತೀಯ" ಅಂತ ಹುರಿದುಂಬಿಸುವ ಕೆಲಸ ಇದು ಅಂತ ಬಹಳ ಮಂದಿ ನಂಬಿದ್ದಾರೆ. ಖಂಡಿತ ಅಲ್ಲ. ನನ್ನ ಬಳಿ ಒಬ್ಬ ಬ್ಯಾಡ್ಮಿಂಟನ್ ಹುಡುಗಿ ಬರುತ್ತಿದ್ದಳು. ಅಭ್ಯಾಸದಲ್ಲಿ ಅವಳ ಸರ್ವ್ ತಪ್ಪಿದ್ದೇ ಇಲ್ಲ. ಪಂದ್ಯದಲ್ಲಿ 20-20 ಆಯಿತೋ, ಶಟಲ್ ನೆಟ್ಟಿಗೆ. ಅಂಕಣದ ಪಕ್ಕ ಕೂತು ನೋಡಿದೆ. ಆ ಗಳಿಗೆಯಲ್ಲಿ ಮಾತ್ರ ಅವಳ ಕಣ್ಣು ರಾಕೆಟ್ ಹಿಡಿದ ಹೆಬ್ಬೆರಳ ಮೇಲೆ! ಸಾವಿರ ಸಲ ಮಾಡಿ ಕೈಗೆ ಪಳಗಿದ ಕೆಲಸದಲ್ಲಿ ತಲೆ ಕೈಹಾಕಿದರೆ ಕೈ ತಡವರಿಸುತ್ತದೆ. ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದೆ ಅಂತ ಯೋಚಿಸಿದರೆ ಎಡವುತ್ತೇವಲ್ಲ, ಹಾಗೆ. ಎದೆ ಹೊಡೆದುಕೊಳ್ಳುವುದು ತಪ್ಪಲ್ಲ. ಹೆದರಿಕೆಯೂ ತಪ್ಪಲ್ಲ. ಗಮನ ಒಳಗೆ ತಿರುಗಿದ್ದೇ ತೊಂದರೆ. ಮತ್ತೊಮ್ಮೆ ಹೇಳುತ್ತೇನೆ, ಗಮನ ಒಳಗೆ ತಿರುಗಿದ್ದೇ ತೊಂದರೆ. ಅಲ್ಲಿ "ಧೈರ್ಯ ತಗೋ" ಅಂದರೆ ರಾಕೆಟ್ಟನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾಳೆ, ಅಷ್ಟೇ. ನೆಟ್ಟಿನ ಬಿಳಿ ಪಟ್ಟಿಯ ಮೇಲೆ ಕಣ್ಣು, ಉದ್ದನೆಯ ಒಂದು ನಿಶ್ವಾಸ, ಆಮೇಲೆ ಸರ್ವ್: ಇಷ್ಟನ್ನೇ ದಿನವೂ ಮಾಡಿಸಿದೆ. ಮೂರು ತಿಂಗಳು ಹಿಡಿಯಿತು.

"ಕ್ರೀಡಾ ಮನೋವಿಜ್ಞಾನಿಗಳ ಹತ್ತಿರ ಹೋದರೆ ತಲೆ ಕೆಟ್ಟಿದೆ ಅಂತಾರೆ" ಅನ್ನುವವರಿಗೆ ಒಂದು ಮಾತು. 2011ರಲ್ಲಿ ವಿಶ್ವಕಪ್ ಗೆದ್ದ ನಮ್ಮ ಕ್ರಿಕೆಟ್ ತಂಡದ ಜೊತೆಗಿದ್ದ ಮನೋತರಬೇತುದಾರ ದಕ್ಷಿಣ ಆಫ್ರಿಕಾದ ಪ್ಯಾಡಿ ಅಪ್ಟನ್. 2024ರಲ್ಲಿ ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆದಾಗಲೂ ಸಿದ್ಧತೆಗೆ ನೆರವಾದವರು ಅವರೇ.

ಇನ್ನು ಓದಿನ ವಿಷಯಕ್ಕೆ ಬರುತ್ತೇನೆ. ಪದವಿಯಲ್ಲಿ ಮನೋವಿಜ್ಞಾನ, ಆಮೇಲೆ ಎಂ.ಎ. ಮಣಿಪುರದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ಮನೋವಿಜ್ಞಾನದಲ್ಲೇ ಎಂ.ಎ. ಇದೆ. ವಾರದ ಕೋರ್ಸ್ ಮುಗಿಸಿ ಬೋರ್ಡು ಹಾಕಬೇಡಿ. ಸೋಲಿನ ಬೇಸರ ಯಾವುದು, ಖಿನ್ನತೆ ಯಾವುದು ಅಂತ ಗುರುತಿಸಲಾಗದವರ ಕೈಗೆ ಎಳೆಯ ಮಕ್ಕಳು ಸಿಕ್ಕರೆ ಅಪಾಯ. ಖಿನ್ನತೆಗೆ ಚಿಕಿತ್ಸೆ ಕೊಡಲು ಬೇರೆಯದೇ ತರಬೇತಿ, ನೋಂದಣಿ ಬೇಕು. ಮೊದಲ ಕೆಲವು ವರ್ಷ ಬೆಳಿಗ್ಗೆ ಶಾಲೆಯಲ್ಲಿ ಆಪ್ತಸಮಾಲೋಚನೆ, ಸಂಜೆ ಅಕಾಡೆಮಿ. ನಾನೂ ಹಾಗೆಯೇ ಬದುಕಿದೆ.

ಅರ್ಜಿ ಹಾಕುವ ಮೊದಲು ಮಗಳನ್ನು ಒಂದು ತಿಂಗಳು ಹತ್ತಿರದ ಕ್ರೀಡಾಂಗಣಕ್ಕೆ ಕಳಿಸಿ. ಆಟ ನೋಡುವುದು ಬೇಡ, ಆಟಗಾರರ ಮುಖ ನೋಡಲಿ. ತಿಂಗಳಾದ ಮೇಲೂ ಹೋಗುತ್ತೇನೆ ಅಂದರೆ, ದಯವಿಟ್ಟು ತಡೆಯಬೇಡಿ.