ಶಾಸಕರೂ ಸಂಸದೀಯ ಪಟುಗಳೂ

(ಜಯನಗರದ ಉಪಾಧ್ಯಾಯರ ಕೂಟದಲ್ಲಿ ಮಾಡಿದ ಭಾಷಣ)



ವಕೀಲರಾದ ನಮಗೆ ಪದಗಳನ್ನು ತೂಗಿ ಆಡುವುದು ವೃತ್ತಿಧರ್ಮ. ಈ ದಿನ ಒಂದು ಪದದ ವ್ಯಾಜ್ಯವನ್ನೇ ತಮ್ಮ ಮುಂದಿಡುವೆವು.

ಇಂಗ್ಲಿಷಿನ ‘ಪಾರ್ಲಿಮೆಂಟೇರಿಯನ್’ ಎಂಬ ಮಾತು 17ನೆಯ ಶತಮಾನದಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯನ್ನೆದುರಿಸಿ ಪಾರ್ಲಿಮೆಂಟಿನ ಪಕ್ಷ ಹಿಡಿದವರಿಗೆ ಸಲ್ಲುತ್ತಿದ್ದಿತು. ಇಂದು ಅದು ಸದಸ್ಯನಿಗೂ ಸಲ್ಲುವುದು, ಸಭೆಯ ನಡಾವಳಿಯನ್ನು ಬಲ್ಲವನಿಗೂ ಸಲ್ಲುವುದು. ಅಮೆರಿಕದ ಸೆನೆಟ್ಟಿನಲ್ಲಿಯಾದರೋ, ಸದಸ್ಯನೇ ಅಲ್ಲದೆ ಅಧ್ಯಕ್ಷಪೀಠಕ್ಕೆ ನಿಯಮಗಳನ್ನು ತಿಳಿಸಿಕೊಡುವ ಅಧಿಕಾರಿಗೂ ಅದೇ ಹೆಸರು.

ಕನ್ನಡವು ಈ ಗೊಂದಲಕ್ಕೆ ಸಿಕ್ಕಬೇಕಾಗಿಲ್ಲ. ಮೈಸೂರಿನಲ್ಲಿ 1881ರಲ್ಲಿ ಏರ್ಪಟ್ಟುದು ಪ್ರಜಾಪ್ರತಿನಿಧಿ ಸಭೆ; 1907ರಲ್ಲಿ ಏರ್ಪಟ್ಟುದು ನ್ಯಾಯವಿಧಾಯಕ ಸಭೆ. ಪ್ರಜೆಯ ಪರವಾಗಿ ನಿಲ್ಲುವುದು ಒಂದು ಕಾರ್ಯ, ಶಾಸನವನ್ನು ವಿಧಿಸುವುದು ಮತ್ತೊಂದು ಎಂಬ ವಿವೇಚನೆ ಆ ಹೆಸರುಗಳಲ್ಲೇ ಇದೆ. ಈಗ ವಿಧಾನಮಂಡಲದವರು ಶಾಸಕರು, ದೆಹಲಿಯ ಸಂಸತ್ತಿನವರು ಸಂಸದರು. ನಿಯಮವನ್ನು ಬಲ್ಲು ಅದನ್ನು ಪ್ರಜಾಹಿತಕ್ಕೆ ದುಡಿಸುವವರು ಸಂಸದೀಯ ಪಟುಗಳು. ಪಟುವೆಂದರೆ ನಿಪುಣ. ಈ ಬಿರುದನ್ನು ಗಳಿಸಬೇಕು. ಇದು ಚುನಾವಣೆಯೊಡನೆ ಬರತಕ್ಕುದಲ್ಲ.

ಇದೇ ಜಯನಗರದಲ್ಲಿ 2023ರ ಚುನಾವಣೆ ಕೇವಲ 16 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಶಾಸಕನಾಗಲು 16 ಮತ ಸಾಕು. ಸಂಸದೀಯ ಪಟುವಾಗಲು ಲಕ್ಷ ಮತವೂ ಸಾಲದು.

ಬೆಂಗಳೂರು ದಕ್ಷಿಣದಿಂದಲೇ 1977ರಲ್ಲಿ ಆರಿಸಿಬಂದ ಕೆ. ಎಸ್. ಹೆಗ್ಡೆಯವರನ್ನು ನೆನೆಯಿರಿ. 1973ರಲ್ಲಿ ತಮ್ಮ ಹಿರಿತನವನ್ನು ಸರ್ಕಾರವು ಕಡೆಗಣಿಸಿದಾಗ ಸರ್ವೋಚ್ಚ ನ್ಯಾಯಾಲಯದ ಪೀಠವನ್ನು ತೊರೆದವರು ಅವರು. ಆರಿಸಿಬಂದ ವರ್ಷವೇ ಲೋಕಸಭೆಯ ಅಧ್ಯಕ್ಷರಾದರು. ಸದಸ್ಯತ್ವವೂ ನಿಯಮಪಾಲನೆಯೂ ಅವರಲ್ಲಿ ಒಂದುಗೂಡಿದ್ದುವು.

ಇದು ಬರಿಯ ನಿಘಂಟಿನ ಮಾತೇ? ಅಲ್ಲ. ನಿಯಮವೇ ಅಲ್ಪಸಂಖ್ಯೆಯ ಪಕ್ಷದ ಆಯುಧ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ಎದ್ದು ನಿಂತು ಉತ್ತರಿಸಲೇಬೇಕು. ನಿಲುವಳಿ ಸೂಚನೆಯಿಂದ ಸಭೆಯ ಕೆಲಸವನ್ನೇ ತಡೆದು ತುರ್ತು ವಿಷಯವನ್ನು ಚರ್ಚೆಗೆ ತರಲು ಯತ್ನಿಸಬಹುದು. ಕ್ರಿಯಾಲೋಪವನ್ನೆತ್ತಿ ತಪ್ಪು ನಡಾವಳಿಯನ್ನು ನಿಲ್ಲಿಸಬಹುದು. ಇವನ್ನರಿಯದವನು ಸದನದ ಬಾವಿಗಿಳಿದು ಕೂಗುವನು; ಆ ಗದ್ದಲದಲ್ಲೇ ಮಸೂದೆಯು ಚರ್ಚೆಯಿಲ್ಲದೆ ಅಂಗೀಕೃತವಾಗುವುದು. ನಷ್ಟವು ಅವನನ್ನು ಕಳುಹಿದ ನಮ್ಮದು.

1956ರಲ್ಲಿ ಕನ್ನಡನಾಡು ಒಂದಾದುದು ಸಂಸತ್ತಿನ ಶಾಸನದಿಂದ. ಅಂತಹ ಸಭೆಗಳ ಮಾನವನ್ನು ಕಾಯುವುದು ನಮ್ಮ ಹೊಣೆ. ಉಪಾಧ್ಯಾಯ ಬಂಧುಗಳೇ, ಮಕ್ಕಳಿಗೆ ಈ ಮೂರು ಪದಗಳನ್ನು ಬೇರೆಬೇರೆಯಾಗಿ ಕಲಿಸಿರಿ. ಹಾರ ಹಾಕುವ ಸಮಾರಂಭಗಳಲ್ಲಿ ಎಲ್ಲರನ್ನೂ ಸಂಸದೀಯ ಪಟುವೆಂದು ಕರೆಯುವ ದಾಕ್ಷಿಣ್ಯವನ್ನು ನಾವೆಲ್ಲರೂ ಬಿಡೋಣ. ಬಿರುದು ಅಗ್ಗವಾದರೆ ಗುಣವನ್ನು ಅರಸುವವರೇ ಇಲ್ಲವಾಗುವರು.