ಟಿಕೆಟ್ಟಿಗೊಂದು ನ್ಯಾಯ, ರೂಮಿಗೊಂದು ನ್ಯಾಯ



ಸ್ವಂತ ವೃತ್ತಿಯವರ ಪ್ರವಾಸ ಖರ್ಚು ಮತ್ತು ಜಿಎಸ್‌ಟಿ ಎಂಬ ವಿಷಯಕ್ಕೆ ಇಡೀ ದಿನ ಮೀಸಲಿಟ್ಟ ಸಂಘಟಕರಿಗೆ ಮೊದಲ ವಂದನೆ. ಈ ಚರ್ಚೆ ಬೆಳಗಾವಿಯಲ್ಲಿ ನಡೆಯುತ್ತಿರುವುದು ನನಗೆ ವಿಶೇಷ ಸಂತೋಷ. ದಿನ ಬೆಳಗಾದರೆ ಗಡಿ ದಾಟಿ ದುಡಿಯುವವರ ಊರಿದು.

ಸಿಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿಗೆ, ಅಂದರೆ ಊಟ ಮತ್ತು ಬಾಡಿಗೆ ಕಾರಿನ ಕ್ರೆಡಿಟ್ಟಿಗೆ ಇರುವ ತಡೆಗೆ, ನಾನು ಕೈಹಾಕುವುದಿಲ್ಲ. ಅದನ್ನು ಎಳೆಎಳೆಯಾಗಿ ಬಿಡಿಸಬಲ್ಲ ಗೆಳೆಯರು ಮುಂದಿನ ಸಾಲಿನಲ್ಲೇ ಇದ್ದಾರೆ. ವ್ಯಾಟ್ ಕಾಲದಿಂದ ನಮಗೆಲ್ಲ ಪಾಠ ಹೇಳಿದ ಪ್ರಾಧ್ಯಾಪಕರೂ ಇದ್ದಾರೆ. ನನ್ನ ತಕರಾರು ಬೇರೆ. 2017ರ ಜುಲೈ 1ರಿಂದ ನಾವು ಯಾವುದಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ ಎಂದಷ್ಟೇ ಕೇಳುತ್ತ ಬಂದೆವು. ಎಲ್ಲಿ ಕಟ್ಟಿದ್ದು ಸಿಗುತ್ತದೆ ಎಂಬುದನ್ನು ಪೋರ್ಟಲ್ಲಿನ ತೀರ್ಮಾನಕ್ಕೆ ಬಿಟ್ಟುಬಿಟ್ಟೆವು. ತೆರಿಗೆ ಸಲಹೆಗಾರರಾದ ನಾವು ಎಡವಿದ್ದು ಅಲ್ಲೇ ಎಂದು ಬಹುಕಾಲದಿಂದ ನಂಬಿದ್ದೇನೆ.

ನನ್ನಲ್ಲಿಗೆ ಬರುವ ಒಬ್ಬ ಫೌಂಡ್ರಿ ಸಲಹೆಗಾರರಿದ್ದಾರೆ. ಉದ್ಯಮಬಾಗದಲ್ಲಿ ಸಣ್ಣ ಆಫೀಸು. ಎರಕದಲ್ಲಿ ಗಾಳಿಗುಳ್ಳೆ ಯಾಕೆ ಬಿತ್ತು ಎಂದು ನೋಡಿ ಹೇಳುವುದು ಅವರ ಕಸುಬು. ಕೊಲ್ಹಾಪುರದ ಫೌಂಡ್ರಿಗಳಿಗೆ ಹೋಗಿ ಉಳಿದು ಬರುತ್ತಾರೆ. ಲಾಡ್ಜಿನ ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ನಂಬರ್ ಬರೆಸದೆ ಕೌಂಟರ್ ಬಿಟ್ಟು ಕದಲುವವರಲ್ಲ. ಒಮ್ಮೆ ವಿಮಾನದ ಟಿಕೆಟ್ಟನ್ನೂ ಆ ಬಿಲ್ಲನ್ನೂ ನನ್ನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಕೇಳಿದರು: "ಟಿಕೆಟ್ಟಿನ ಟ್ಯಾಕ್ಸ್ ಬರ್ತದ, ರೂಮಿಂದು ಯಾಕ ಬರೂದಿಲ್ಲ ಸರ?"

ಕಾಯ್ದೆಯ ಉತ್ತರ ನಿಮಗೆಲ್ಲ ಗೊತ್ತು. ಐಜಿಎಸ್‌ಟಿ ಕಾಯ್ದೆಯ 12(9)ರ ಪ್ರಕಾರ ಪ್ರಯಾಣಿಕ ನೋಂದಾಯಿತನಾಗಿದ್ದರೆ ಅವನಿರುವ ರಾಜ್ಯವೇ ಪೂರೈಕೆಯ ಸ್ಥಳ. ಅದೇ ಕಲಮಿನ ಮೂರನೇ ಉಪಕಲಮಿಗೆ ಬಂದರೆ ಹೋಟೆಲ್ ಸ್ಥಿರಾಸ್ತಿ, ಕಟ್ಟಡ ಎಲ್ಲಿದೆಯೋ ಪೂರೈಕೆಯೂ ಅಲ್ಲೇ. ಹಾಗಾಗಿ ಕೊಲ್ಹಾಪುರದ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಜೊತೆಗೆ ಮಹಾರಾಷ್ಟ್ರದ ಎಸ್‌ಜಿಎಸ್‌ಟಿ. ಪೋರ್ಟಲ್ಲಿನ ಜಿಎಸ್‌ಟಿಆರ್-2ಬಿ ತೆಗೆದರೆ ಆ ಬಿಲ್ಲು ಸಿಗದ ಕ್ರೆಡಿಟ್ಟಿನ ಪಟ್ಟಿಯಲ್ಲಿರುತ್ತದೆ. ಕಾರಣವನ್ನೂ ಪೋರ್ಟಲ್ಲೇ ಬರೆದಿರುತ್ತದೆ: ಪೂರೈಕೆಯ ಸ್ಥಳ, ಪೂರೈಕೆದಾರನ ರಾಜ್ಯ ಎರಡೂ ಒಂದೇ, ಪಡೆದವನ ರಾಜ್ಯ ಬೇರೆ. ಇದೇ ಮನುಷ್ಯ ಐನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ತಂಗಿದರೆ ಪೂರ್ತಿ ಕ್ರೆಡಿಟ್, ನೂರು ಚಿಲ್ಲರೆ ಕಿಲೋಮೀಟರಿನ ಕೊಲ್ಹಾಪುರದಲ್ಲಿ ತಂಗಿದರೆ ಒಂದು ಪೈಸೆಯೂ ಇಲ್ಲ. ಅಲ್ಲೂ ನೋಂದಣಿ ಇರುವ ದೊಡ್ಡ ಕಂಪನಿ ಮಹಾರಾಷ್ಟ್ರದ ನಂಬರಿಗೆ ಬಿಲ್ ಹಾಕಿಸಿಕೊಳ್ಳುತ್ತದೆ. ಒಬ್ಬನೇ ದುಡಿಯುವವನಿಗೆ ಆ ದಾರಿ ಇಲ್ಲ.

ಈಗ ದರ ಇಳಿಯಿತಲ್ಲ ಎನ್ನುತ್ತಾರೆ. ನಿಜ, 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ. 12ರ ಬದಲು ಶೇ. 5. ಮೂರು ಸಾವಿರದ ರೂಮಿಗೆ 360 ಇದ್ದದ್ದು 150 ಆಯಿತು. ಆದರೆ ಹೋಟೆಲಿನವರ ಇನ್‌ಪುಟ್ ಕ್ರೆಡಿಟ್ಟನ್ನೂ ಆಗಲೇ ಕಿತ್ತುಕೊಂಡರು. ಅವರ ಮೇಲೆ ಬಿದ್ದ ತೆರಿಗೆ ಬಾಡಿಗೆಯೊಳಗೇ ಸೇರಿಕೊಳ್ಳುತ್ತದೆ. ನಮ್ಮ ಸಲಹೆಗಾರರು ಆ ಬಾಡಿಗೆಯನ್ನೂ 150 ರೂಪಾಯಿಯನ್ನೂ ಗಿರಾಕಿಯ ಬಿಲ್ಲಿಗೆ ಸೇರಿಸಿ, ಅದರ ಮೇಲೆ ಮತ್ತೆ ಶೇ. 18 ಹಾಕುತ್ತಾರೆ. ತೆರಿಗೆಯ ಮೇಲೆ ತೆರಿಗೆ ಬೀಳಬಾರದು ಎಂದೇ ಅಲ್ಲವೇ ಜಿಎಸ್‌ಟಿ ಬಂದದ್ದು?

"ಖರ್ಚಿಗೆ ಹಾಕಿಬಿಡಿ" ಎಂಬುದು ಸಿಗದ ಕ್ರೆಡಿಟ್ಟಿಗೆ ನಮ್ಮ ಆಫೀಸುಗಳ ಸಿದ್ಧ ಉತ್ತರ. ಅಂದಾಜು ವರಮಾನ ಪದ್ಧತಿಯಲ್ಲಿ ಗಳಿಕೆಯ ಅರ್ಧವನ್ನು ಲಾಭವೆಂದು ತೋರಿಸುವ ವೃತ್ತಿಪರನಿಗೆ ಖರ್ಚಿಗೆ ಹಾಕಿದರೂ ಆದಾಯ ತೆರಿಗೆಯಲ್ಲಿ ಏನೂ ಉಳಿಯುವುದಿಲ್ಲ.

ಯುರೋಪಿನಲ್ಲಿ ಗಡಿಯಾಚೆ ಕಟ್ಟಿದ ತೆರಿಗೆಗೊಂದು ದಾರಿ ಮಾಡಿಕೊಂಡಿದ್ದಾರೆ. ವಿಯೆನ್ನಾದ ಸಲಹೆಗಾರ ಮ್ಯೂನಿಕ್ಕಿನಲ್ಲಿ ತಂಗಿದರೆ, 2008ರ ನಿರ್ದೇಶನದಂತೆ ತನ್ನ ದೇಶದ ಪೋರ್ಟಲ್ಲಿನಲ್ಲೇ ಅರ್ಜಿ ಹಾಕಿ ಜರ್ಮನಿಯ ವ್ಯಾಟ್ ವಾಪಸ್ ಕೇಳಬಹುದು. ಅಲ್ಲಿ ಎರಡು ದೇಶಗಳ ಖಜಾನೆ ನಡುವೆ ಆಗುವ ಕೆಲಸ ಇಲ್ಲಿ ನಿಪ್ಪಾಣಿ ದಾಟಿದರೆ ಆಗುವುದಿಲ್ಲ.

ಇಲ್ಲಿಗೆ ಬಂದಿರುವ ವಾಣಿಜ್ಯ ತೆರಿಗೆಗಳ ಇಲಾಖೆಯ ಮಿತ್ರರ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಮಹಾರಾಷ್ಟ್ರ ವಸೂಲಿ ಮಾಡಿದ ಹಣಕ್ಕೆ ಕರ್ನಾಟಕ ಯಾಕೆ ಕ್ರೆಡಿಟ್ ಕೊಡಬೇಕು? ಗೋವಾದಂಥ ರಾಜ್ಯ ತನ್ನ ಹೋಟೆಲುಗಳ ತೆರಿಗೆಯನ್ನು ಯಾಕೆ ಬಿಡಬೇಕು? ರಾಜ್ಯದ ಪಾಲು ಅಲ್ಲೇ ಇರಲಿ. ನನ್ನ ಪ್ರಶ್ನೆ ಉಳಿದರ್ಧದ್ದು. ಸಿಜಿಎಸ್‌ಟಿ ಹೋಗುವುದು ಕೇಂದ್ರಕ್ಕೆ. ಕೊಲ್ಹಾಪುರದಲ್ಲಿ ಕಟ್ಟಿಸಿಕೊಂಡದ್ದೂ, ಬೆಳಗಾವಿಯಲ್ಲಿ ಕ್ರೆಡಿಟ್ ಕೊಡಬೇಕಾದದ್ದೂ ಅದೇ ಖಜಾನೆ. ಹಿಂದೆ ಸೇವಾ ತೆರಿಗೆಗೆ ಈ ಗಡಿ ಇರಲಿಲ್ಲ. ಸಿಜಿಎಸ್‌ಟಿ ಕಾಯ್ದೆಯ 16(1) ವ್ಯವಹಾರಕ್ಕಾಗಿ ಪಡೆದ ಸೇವೆಯ ಮೇಲಿನ ತೆರಿಗೆಗೆ ಕ್ರೆಡಿಟ್ ಪಡೆಯಬಹುದು ಎನ್ನುತ್ತದೆ. ರಾಜ್ಯದ ಗಡಿಯ ಮಾತೇ ಅಲ್ಲಿಲ್ಲ. 2018ರಲ್ಲಿ ರಾಜಸ್ಥಾನದ ಮುಂಗಡ ತೀರ್ಪು ಪ್ರಾಧಿಕಾರ ಬೇರೆ ರಾಜ್ಯದ ಸಿಜಿಎಸ್‌ಟಿ ಸಿಗದು ಎಂದಿತು. ಆದರೆ ಅಂಥ ತೀರ್ಪು ಅರ್ಜಿದಾರನನ್ನೂ ಅವನ ಅಧಿಕಾರಿಗಳನ್ನೂ ಬಿಟ್ಟು ಬೇರೆಯವರನ್ನು ಕಟ್ಟಿಹಾಕುವುದಿಲ್ಲ.

ಇಲ್ಲಿರುವ ಪ್ರತಿಯೊಬ್ಬ ಸಲಹೆಗಾರರಲ್ಲಿ ನನ್ನ ಕೋರಿಕೆ ಇಷ್ಟೇ: ಜಿಎಸ್‌ಟಿಆರ್-3ಬಿ ರಿಟರ್ನಿನ 4(ಡಿ)(2)ರಲ್ಲಿ ಹೀಗೆ ಬಿಟ್ಟುಕೊಟ್ಟ ಮೊತ್ತವನ್ನು ಕಕ್ಷಿದಾರವಾರು ಪಟ್ಟಿ ಮಾಡಿ. ಸಂಜೆಯ ಸಮಾರೋಪಕ್ಕೆ ಮುಂಚೆ ಜಿಎಸ್‌ಟಿ ಮಂಡಳಿಗೆ ಮನವಿಯ ಕರಡು ಸಿದ್ಧವಾಗಲಿ. ಕೇಂದ್ರದ ಅರ್ಧಕ್ಕೆ ತಡೆ ಕಾಯ್ದೆಯ ಯಾವ ಅಕ್ಷರದಲ್ಲಿದೆ ಎಂದು ತೋರಿಸಬಲ್ಲವರು ಮಧ್ಯಾಹ್ನದ ಗೋಷ್ಠಿಯಲ್ಲಿ ತೋರಿಸಲಿ, ನಾನು ಕೂತು ಕೇಳುತ್ತೇನೆ.