ನಾಳೆ ತಿಳಿಯದ ದಿನಚರಿ

1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜಾ ಭಟ್ಕಳವನ್ನು ಸುಟ್ಟು ಲೂಟಿ ಮಾಡಿದ. 1569ರಲ್ಲಿ ಹೊನ್ನಾವರವೂ ಪೋರ್ಚುಗೀಸರ ವಶವಾಯಿತು. ಇದನ್ನೆಲ್ಲ ಬರೆದಿಟ್ಟವರು ಬಹುಪಾಲು ಗೆದ್ದವರೇ. ಆ ಬಂದರುಗಳಲ್ಲಿ ಕರಿಮೆಣಸಿನ ಮೂಟೆ ಹೊತ್ತವನ ದಿನಚರಿ ನಮ್ಮ ಕೈಯಲ್ಲಿಲ್ಲ. ಅದನ್ನು ಇಂದು ಕಲ್ಪಿಸಿ ಬರೆಯಬಹುದೇ? ಬರೆಯಬೇಕು ಎಂದೇ ನನ್ನ ನಂಬಿಕೆ. ಇತಿಹಾಸದ ಪುಸ್ತಕಕ್ಕೆ ಯುದ್ಧದ ಕೊನೆ ಗೊತ್ತು. ದಿನಚರಿಗೆ ನಾಳೆಯೂ ಗೊತ್ತಿಲ್ಲ. ಹಡಗು ಕಂಡ ಸಂಜೆ ಮಕ್ಕಳನ್ನು ಘಟ್ಟದ ಮೇಲೆ ಕಳಿಸುವುದೋ, ಬೇಡವೋ? ಆ ತಳಮಳ ದಿನಚರಿಯಲ್ಲೇ ಕೇಳಿಸೀತು.

ಇಲ್ಲದ್ದನ್ನು ಹುಟ್ಟಿಸುವುದು ಸತ್ಯಕ್ಕೆ ದ್ರೋಹವಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ಭಯ ನ್ಯಾಯವಾದದ್ದೇ. ಆದ್ದರಿಂದ ಇದು ಕಲ್ಪನೆಯೆಂದು ಮೊದಲೇ ಹೇಳಬೇಕು. ಇಸವಿ ಬದಲಿಸಬಾರದು. ಆ ಕಾಲದ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಬಾರದು. ಕುಮಟೆಯ ಶಾಲೆಯಲ್ಲಿ ಮಗುವೊಂದು ಇಂಥ ಒಂದೇ ಪುಟ ಬರೆಯಲು ಕೂತರೂ, ಆಗಿನ ಊಟ, ದೋಣಿ, ಗಾಳಿಯ ದಿಕ್ಕನ್ನು ಮೊದಲು ಹುಡುಕಬೇಕಾಗುತ್ತದೆ.